ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ತಾಳವೆಲ್ಲಿ? – ಒಂದು ನೈದಾನಿಕ ಪಾಠ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಒಂಬತ್ತನೆಯ ತರಗತಿಯ ಕಂಪ್ಯೂಟರ್ ಅವಧಿಗಳು ದೊರೆತವು. ಆಯ್ದುಕೊಂಡ ಘಟಕ, ಎಲ್‌ಎಂಎಂಎಸ್ ಎಂಬ ತಂತ್ರಾಂಶದಲ್ಲಿ ಚಿಕ್ಕದೊಂದು ಸಂಗೀತ ರಚನೆ. ಇದು ಉಚಿತವಾದ ಮುಕ್ತ ತಂತ್ರಾಂಶ. ಉಬುಂಟುವಿನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. ಪ್ರಯೋಗಾಲಯದಲ್ಲಿದ್ದದ್ದು ಅದರ 1.2ನೇ ಆವೃತ್ತಿ. ಮಕ್ಕಳು ಐದು ಗುಂಪುಗಳಾಗಿ, ಮೋಹನ ರಾಗದ ಐದು ಸ್ವರಗಳಲ್ಲಿ ಹತ್ತು ಆವರ್ತದ ಒಂದು ಮಟ್ಟನ್ನು ಹೆಣೆದು, ಅದಕ್ಕೆ ಆದಿತಾಳದ ಬಡಿತ ಸೇರಿಸಿದ್ದರು. ಶನಿವಾರದ ಪೋಷಕರ ಸಭೆಯಲ್ಲಿ ಅವುಗಳನ್ನು ಧ್ವನಿವರ್ಧಕದಲ್ಲಿ ಕೇಳಿಸುವುದೆಂದು ಮುಖ್ಯೋಪಾಧ್ಯಾಯರು ಒಪ್ಪಿದ್ದರಿಂದ, ಪ್ರತಿ ಗುಂಪಿಗೂ ಪೆನ್‌ಡ್ರೈವ್‌ನಲ್ಲಿ ಒಂದು ಆಡಿಯೊ ಫೈಲ್ ಬೇಕೇ ಬೇಕಾಗಿತ್ತು.

ನಾಲ್ಕನೆಯ ಪಾಠ ಎಕ್ಸ್‌ಪೋರ್ಟ್ ಕುರಿತದ್ದು. ಮೆನು ತೋರಿಸುವುದಕ್ಕೆ ಹತ್ತು ನಿಮಿಷ ಸಾಕು. ಉಳಿದ ಮೂವತ್ತು ನಿಮಿಷವನ್ನು ಪಾಠ ಯೋಜನೆಯಲ್ಲಿ ದೋಷ ಹುಡುಕುವ ಚಟುವಟಿಕೆಗೆಂದೇ ಇಟ್ಟಿದ್ದೆ. ಗಣಿತದಲ್ಲಿ ಮಗು ವ್ಯವಕಲನ ತಪ್ಪಿದಾಗ ಮೊದಲು ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ ಎಂದು ನಾವೆಲ್ಲ ಓದಿದ್ದೇವೆ. ಕಂಪ್ಯೂಟರ್ ಕೋಣೆಯಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಏನಾದರೂ ಕೆಟ್ಟರೆ ಮೊದಲು ಮುಚ್ಚಿ ತೆರೆಯುತ್ತೇವೆ, ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತೇವೆ. ಸರಿಹೋದರೂ ಯಾಕೆ ಸರಿಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಮಕ್ಕಳಿಗೆ ಪರಿಹಾರಗಳ ಪಟ್ಟಿ ಕೊಡಲಿಲ್ಲ. ಮೂರು ಜಾಗಗಳಲ್ಲಿ ಕೇಳಿ ಎಂದೆ. ಮೊದಲನೆಯದು, ತಂತ್ರಾಂಶದ ಸಾಂಗ್ ಎಡಿಟರ್ ಕಿಟಕಿಯಲ್ಲಿ, ಆರಂಭದಿಂದ ಕೊನೆಯವರೆಗೆ. ಎರಡನೆಯದು, ಎಕ್ಸ್‌ಪೋರ್ಟ್ ಆದ ಫೈಲನ್ನು ಅದೇ ಕಂಪ್ಯೂಟರಿನಲ್ಲಿ ಬೇರೆ ಪ್ಲೇಯರ್‌ನಿಂದ. ಮೂರನೆಯದು, ಅದು ಕೊನೆಗೆ ಕೇಳಿಸಬೇಕಾದ ಯಂತ್ರದಲ್ಲಿ. ಶಬ್ದ ಮೊದಲ ಬಾರಿಗೆ ಎಲ್ಲಿ ಕೆಡುತ್ತದೋ ದೋಷ ಅದರ ಹಿಂದಿನ ಹೆಜ್ಜೆಯಲ್ಲಿದೆ. ಇದನ್ನು ಕಪ್ಪುಹಲಗೆಯ ಮೇಲೆ ಮೂರು ಮನೆಗಳಾಗಿ ಬರೆದಿಟ್ಟೆ; ಅವಧಿ ಮುಗಿಯುವವರೆಗೂ ಒರೆಸಲಿಲ್ಲ.

ಮೊದಲ ದೂರು ಮೂರನೆಯ ಗುಂಪಿನಿಂದ ಬಂತು. ಫೈಲಿನಲ್ಲಿ ಮಟ್ಟು ಇದೆ, ತಾಳ ಇಲ್ಲ.

“ಇಲ್ಲಿ ಬರುತ್ತೆ ಮಿಸ್, ಫೈಲ್‌ನಲ್ಲಿ ಮಾತ್ರ ಬರಲ್ಲ.”

“ಇಲ್ಲಿ ಅಂದರೆ ಎಲ್ಲಿ?”

“ಇಲ್ಲೇ, ಕಂಪ್ಯೂಟರ್‌ನಲ್ಲಿ.”

“ಯಾವ ಕಿಟಕಿಯ ಗುಂಡಿ ಒತ್ತಿದಿರಿ? ತೋರಿಸಿ.”

ಹುಡುಗಿ ಒತ್ತಿದ್ದು ಬೀಟ್-ಬೇಸ್‌ಲೈನ್ ಎಡಿಟರ್‌ನ ಪ್ಲೇ ಗುಂಡಿ. ಎಲ್‌ಎಂಎಂಎಸ್‌ನಲ್ಲಿ ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ತಂತ್ರಾಂಶದಲ್ಲಿ ಬಡಿತದ ಮಾದರಿಯನ್ನು ಕಟ್ಟುವ ಕಿಟಕಿ ಒಂದು, ಹಾಡನ್ನು ಜೋಡಿಸುವ ಕಿಟಕಿ ಇನ್ನೊಂದು. ಎರಡಕ್ಕೂ ಪ್ರತ್ಯೇಕ ಪ್ಲೇ ಗುಂಡಿಗಳಿವೆ. ಬಡಿತದ ಕಿಟಕಿಯಲ್ಲಿ ಹದಿನಾರು ಚೌಕಗಳನ್ನು ತುಂಬಿ ಪ್ಲೇ ಒತ್ತಿದರೆ ತಾಳ ನಿಲ್ಲದೆ ಸುತ್ತುತ್ತಿರುತ್ತದೆ. ಹಾಡಿಗೆ ಸೇರಿಬಿಟ್ಟಿದೆ ಎಂದೇ ಅನ್ನಿಸುತ್ತದೆ. ಆದರೆ ಎಕ್ಸ್‌ಪೋರ್ಟ್ ಆಗುವುದು ಸಾಂಗ್ ಎಡಿಟರ್‌ನಲ್ಲಿ ಇರುವುದಷ್ಟೇ. ಅಲ್ಲಿ ಆ ಬಡಿತದ ಸಾಲಿನಲ್ಲಿ ಬೇಕಾದ ಬಾರ್‌ಗಳ ಮೇಲೆಲ್ಲ ಕ್ಲಿಕ್ ಮಾಡಿ ತುಂಡುಗಳನ್ನು ಇಡದಿದ್ದರೆ ತಾಳಕ್ಕೆ ಹಾಡಿನಲ್ಲಿ ಜಾಗವೇ ಇಲ್ಲ. ಸಾಂಗ್ ಎಡಿಟರ್ ಪೂರ್ತಿ ಖಾಲಿಯಿದ್ದರೆ ತಂತ್ರಾಂಶವೇ ತಡೆದು, ಏನಾದರೂ ಇಟ್ಟು ಬನ್ನಿ ಎನ್ನುತ್ತದೆ. ಮಟ್ಟಿನ ಸಾಲು ಇದ್ದು ತಾಳದ ಸಾಲು ಮಾತ್ರ ಖಾಲಿಯಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ತಾಳವಿಲ್ಲದ ಹಾಡೂ ಒಂದು ಹಾಡೇ ಅಲ್ಲವೇ, ಅದು ನಮ್ಮ ಇಷ್ಟವೆಂದು ತಂತ್ರಾಂಶ ತಿಳಿಯುತ್ತದೆ.

ನಾನು ಮೌಸ್ ಮುಟ್ಟಲಿಲ್ಲ. “ನೀವೇ ಮಾಡಿಕೊಡಿ ಮಿಸ್, ಬೆಲ್ ಹೊಡೆಯುತ್ತೆ” ಎಂದು ಆ ಹುಡುಗಿ ಎರಡು ಸಲ ಕೇಳಿದಳು. ಹಿಂದಿನ ಬೆಂಚಿನಲ್ಲಿದ್ದ ಮಾರ್ಗದರ್ಶಕ ಶಿಕ್ಷಕರೂ ಗಡಿಯಾರ ನೋಡುತ್ತಿದ್ದರು. ಹಲಗೆಯ ಮೊದಲ ಮನೆಯನ್ನು ತೋರಿಸಿ, ಅಲ್ಲಿ ಕೇಳಿದಿರಾ ಎಂದೆ. ಸಾಂಗ್ ಎಡಿಟರ್‌ನಲ್ಲಿ ಪ್ಲೇ ಒತ್ತಿದರು. ತಾಳ ಇರಲಿಲ್ಲ. ಆಗ ಗುಂಪಿನವನೇ ಒಬ್ಬ, “ಲೇ, ಇಲ್ಲೇ ಇಲ್ಲ ಕಣೋ, ಫೈಲ್‌ಗೆ ಎಲ್ಲಿಂದ ಬರುತ್ತೆ?” ಎಂದ. ಇಪ್ಪತ್ತು ಬಾರ್‌ಗಳಿಗೂ ಬಡಿತದ ತುಂಡುಗಳನ್ನು ಇಡುವುದಕ್ಕೆ ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಇನ್ನೊಂದು ಗುಂಪು ಎಕ್ಸ್‌ಪೋರ್ಟ್ ಮಾಡದೆ ಸೇವ್ ಮಾಡಿದ ಎಂಎಂಪಿಝಡ್ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿತ್ತು. ಅದರಲ್ಲಿರುವುದು ಶಬ್ದವಲ್ಲ, ಯಾವ ವಾದ್ಯ ಯಾವಾಗ ಯಾವ ಸ್ವರ ನುಡಿಸಬೇಕೆಂಬ ಸೂಚನೆ. ಅಡುಗೆಯ ಚೀಟಿ ಒಯ್ದರೆ ಊಟವಾದೀತೇ ಎಂದು ಕೇಳಿದಾಗ ನಕ್ಕು ಮರಳಿ ಕೂತರು.

ಮುಂದಿನ ಭಾಗವನ್ನು ಗಣಿತದ ಸಹ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕೆಂದು ಕೋರುತ್ತೇನೆ. 44,100 ಹರ್ಟ್ಜ್, 16 ಬಿಟ್, ಸ್ಟೀರಿಯೊ ಎಂದು ಆರಿಸಿದ ವೇವ್ ಫೈಲಿನಲ್ಲಿ ಒಂದು ಸೆಕೆಂಡಿಗೆ 44,100 × 2 ಬೈಟ್ × 2 ಚಾನಲ್, ಅಂದರೆ 1,76,400 ಬೈಟ್. ನಮ್ಮ ಗತಿ ನಿಮಿಷಕ್ಕೆ 120 ಬಡಿತ. ನಾಲ್ಕು ಬಡಿತದ ಒಂದು ಬಾರ್‌ಗೆ 2 ಸೆಕೆಂಡು. 20 ಬಾರ್‌ಗೆ 40 ಸೆಕೆಂಡು. ಹಾಗಾದರೆ ಫೈಲಿನ ಗಾತ್ರ ಸುಮಾರು 70.5 ಲಕ್ಷ ಬೈಟ್ ಇರಬೇಕು. ಮಕ್ಕಳಿಗೆ ಸಿಕ್ಕಿದ್ದು ಸುಮಾರು 74 ಲಕ್ಷ. ಭಾಗಿಸಿದರೆ 42 ಸೆಕೆಂಡು. ಹೆಚ್ಚುವರಿ ಎರಡು ಸೆಕೆಂಡು ಎಲ್ಲಿಂದ ಬಂತು? ಕೊನೆಯ ಸ್ವರದ ಅನುರಣನ ಕತ್ತರಿಸಿಹೋಗಬಾರದೆಂದು ತಂತ್ರಾಂಶ ತಾನೇ ಒಂದು ಬಾರ್ ಸೇರಿಸುತ್ತದೆ. ಎಕ್ಸ್‌ಪೋರ್ಟ್ ಪೆಟ್ಟಿಗೆಯಲ್ಲಿ ಲೂಪ್ ಆಗಿ ಎಕ್ಸ್‌ಪೋರ್ಟ್ ಮಾಡುವ ಆಯ್ಕೆಗೆ ಗುರುತು ಹಾಕಿದರೆ ಆ ಬಾರ್ ಇರುವುದಿಲ್ಲ; ಕೊನೆಯ ದನಿ ಥಟ್ಟನೆ ನಿಲ್ಲಲು ಸಾಮಾನ್ಯ ಕಾರಣ ಇದೇ. ಒಂದು ಗುಂಪಿನ ಫೈಲು ಸುಮಾರು 14 ಲಕ್ಷ ಬೈಟ್ ಮಾತ್ರ ಇತ್ತು. ತೆರೆದು ಕೇಳುವ ಮೊದಲೇ, ಎಂಟೇ ಸೆಕೆಂಡು ಎಂದು ಲೆಕ್ಕ ಹಾಕಿ ಹೇಳಿದರು. ಲೂಪ್ ಗುರುತುಗಳ ನಡುವಿನದನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡುವ ಆಯ್ಕೆಗೆ ಟಿಕ್ ಬಿದ್ದಿತ್ತು. ಆದರೆ ಗಾತ್ರ ತಿಳಿಸುವುದು ಉದ್ದವನ್ನಷ್ಟೇ. ಪೂರ್ತಿ ಮೌನವಾದ ವೇವ್ ಫೈಲೂ ಅಷ್ಟೇ ತೂಗುತ್ತದೆ.

ಕರಕರ ಶಬ್ದದ ದೂರು ಎರಡು ಗುಂಪುಗಳಿಂದ ಬಂತು, ಕಾರಣಗಳು ಬೇರೆ ಬೇರೆ. ಒಂದರಲ್ಲಿ ತಂತ್ರಾಂಶದೊಳಗೆ ನುಡಿಸುವಾಗ ಕರಕರ, ಫೈಲಿನಲ್ಲಿ ಸ್ವಚ್ಛ. ಹಳೆಯ ಕಂಪ್ಯೂಟರಿಗೆ ಆ ಕ್ಷಣದಲ್ಲೇ ಎಲ್ಲ ವಾದ್ಯಗಳ ಲೆಕ್ಕ ಮುಗಿಸಲು ಆಗುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಏನೂ ಸರಿಪಡಿಸಬೇಕಾಗಿಲ್ಲ. ಮತ್ತೊಂದರಲ್ಲಿ ಎರಡೂ ಕಡೆ ಕರಕರ; ಮಿಕ್ಸರ್‌ನ ಮಾಸ್ಟರ್ ಪಟ್ಟಿ ಕೆಂಪಿಗೇರುತ್ತಿತ್ತು. ಎಲ್ಲ ವಾದ್ಯಗಳ ಮಟ್ಟ ತಗ್ಗಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡುವುದೇ ದಾರಿ. ಕಂಪ್ಯೂಟರಿನ ಸ್ಪೀಕರ್ ಮಟ್ಟ ತಗ್ಗಿಸಿದರೆ ಕರಕರವೇ ಮೆಲ್ಲಗೆ ಕೇಳುತ್ತದೆ, ಅಷ್ಟೇ. ದೂರು ಒಂದೇ, ಕಾರಣ ಎರಡು: ಮೂರು ಜಾಗಗಳಲ್ಲಿ ಕೇಳಿಸಿದ್ದು ಸಾರ್ಥಕವಾಯಿತೆಂದು ನನಗೆ ಅನ್ನಿಸಿದ್ದು ಇಲ್ಲಿ.

ಮೂರನೆಯ ಮನೆಗೆ ಸಮಯ ಕಡಿಮೆ ಉಳಿಯಿತು. ಧ್ವನಿವರ್ಧಕದ ಪೆನ್‌ಡ್ರೈವ್ ಕಿಂಡಿ ಎಂಪಿ3 ಮಾತ್ರ ಓದುತ್ತಿತ್ತು. ಒಬ್ಬ ಹುಡುಗ ಓಜಿಜಿ ಫೈಲಿನ ಹೆಸರಿನ ಕೊನೆಯನ್ನು ಎಂಪಿ3 ಎಂದು ತಿದ್ದಿ ನೋಡಿದ, ಹಾಡಲಿಲ್ಲ. ಹೆಸರು ಬದಲಿಸಿದರೆ ಒಳಗಿನ ರೂಪ ಬದಲಾಗದು, ಎಕ್ಸ್‌ಪೋರ್ಟ್ ಪೆಟ್ಟಿಗೆಯಲ್ಲೇ ಎಂಪಿ3 ಆರಿಸಬೇಕು. ಐದೂ ಗುಂಪುಗಳ ಫೈಲುಗಳು ಶುಕ್ರವಾರ ಸಂಜೆಯ ಹೊತ್ತಿಗೆ ಸಿದ್ಧವಾದವು.

ಮೌಲ್ಯಮಾಪನಕ್ಕೆ ಬಾಯಿ ಪ್ರಶ್ನೆ ಕೇಳಲಿಲ್ಲ. ನಾನೇ ಒಂದೊಂದು ದೋಷ ಅಡಗಿಸಿದ ರಚನೆಗಳನ್ನು ಗುಂಪಿಗೊಂದರಂತೆ ಕೊಟ್ಟು, ದೋಷ ಎಷ್ಟನೆಯ ಜಾಗದಲ್ಲಿ ಕಂಡಿತು, ಅದಕ್ಕೆ ಆಧಾರವೇನು ಎಂದು ಚೀಟಿಯಲ್ಲಿ ಬರೆಯಲು ಹೇಳಿದೆ. ಹತ್ತರಲ್ಲಿ ಏಳು ಅಂಕ ನಿದಾನಕ್ಕೆ, ಮೂರು ಪರಿಹಾರಕ್ಕೆ. ಈ ಹಂಚಿಕೆ ಹೆಚ್ಚಾಯಿತೆಂದು ಮಾರ್ಗದರ್ಶಕರು ಷರಾ ಬರೆದಿದ್ದಾರೆ. ಮುಂದಿನ ಹಂತದಲ್ಲೂ ಇದನ್ನೇ ಉಳಿಸಿಕೊಳ್ಳುವ ಯೋಚನೆ ನನ್ನದು. ಮೂರನೆಯ ಗುಂಪಿಗೆ ಕೊಟ್ಟ ರಚನೆಯಲ್ಲಿ ಮಟ್ಟಿನ ಸಾಲಿನ ಸೋಲೋ ಗುಂಡಿ ಒತ್ತಿಟ್ಟಿದ್ದೆ. ಅವರ ಚೀಟಿಯಲ್ಲಿ ಹೀಗಿತ್ತು: “ಮೊದಲನೇ ಜಾಗದಲ್ಲೇ ತಾಳ ಇಲ್ಲ. ತುಂಡುಗಳು ಇವೆ, ಎಣಿಸಿದೆವು, ಇಪ್ಪತ್ತೂ ಇವೆ. ಆದ್ದರಿಂದ ಹೋದ ಸಲದ ಕಾರಣ ಅಲ್ಲ. ಸಾಲಿನ ಗುಂಡಿಗಳನ್ನು ನೋಡುತ್ತಿದ್ದೇವೆ.”