ಮಾತಿಲ್ಲದ ಮಕ್ಕಳ ಇಂಗಿತ

ಮನದ ಅಭಿಪ್ರಾಯವನ್ನು ಹೊರಗೆಡಹುವ ಅಂಗಚೇಷ್ಟೆಗೆ ‘ಇಂಗಿತ’ವೆಂದು ಹೆಸರು. ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ವಿಂಗಡಿಸಿ, ವಾಚಿಕವನ್ನು ನಾಲ್ಕರಲ್ಲಿ ಒಂದೆಂದಷ್ಟೇ ಎಣಿಸಿತು. ಆದುದರಿಂದ ಬಾಯಿಮಾತಿಲ್ಲದವರಿಗೆ ಹೇಳುವುದೇನೂ ಇಲ್ಲವೆಂಬುದು ಅವಿಚಾರದ ನುಡಿ.

ಆಟಿಸಂ ಎಂಬ ಸ್ಥಿತಿಯುಳ್ಳ ಮಕ್ಕಳ ವಿಷಯದಲ್ಲಿ ಈ ತತ್ತ್ವವು ವಿಶೇಷವಾಗಿ ಮನನೀಯ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರಿಸಿದರು. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದುದು. ತಾಯಿಯ ಅಕ್ಕರೆಯ ಕೊರತೆಯಿಂದ ಬರುವುದೆಂಬ ಹಿಂದಿನ ಊಹೆ ಸುಳ್ಳೆಂದು ಸಿದ್ಧವಾಗಿದೆ. ಇಂತಹ ಮಕ್ಕಳಲ್ಲಿ ಕೆಲವರಿಗೆ ಮಾತು ಬರುವುದೇ ಇಲ್ಲ.

ಅಂತಹ ಮಗುವು ತಾಯಿಯ ಕೈಹಿಡಿದು ನೀರಿನ ಕೊಡದ ಬಳಿಗೆ ಒಯ್ದರೆ ಅದೊಂದು ಪೂರ್ಣವಾಕ್ಯ: ಕರ್ತೃ ಮಗು, ಕರ್ಮ ನೀರು, ಕ್ರಿಯೆ ಬೇಡುವುದು. ಕಿವಿ ಮುಚ್ಚಿಕೊಂಡರೆ ಅದು ಹಠವಲ್ಲ, ಸದ್ದನ್ನು ಸಹಿಸಲಾರೆನೆಂಬ ನಿವೇದನೆಯಾಗಿರಬಹುದು. ತಾಯಿತಂದೆಯರು ಇದನ್ನರಿತು ಒಡನೆ ಸ್ಪಂದಿಸಿದರೆ, ತನ್ನ ಸನ್ನೆಗೆ ಫಲವುಂಟೆಂದು ಮಗು ಕಲಿಯುತ್ತದೆ. ಅವರಾಡುವ ಮಾತು ಚಿಕ್ಕದಾಗಿ ವಾಚ್ಯಾರ್ಥದಲ್ಲಿಯೇ ಇರಬೇಕು. ಲಕ್ಷಣೆ, ವ್ಯಂಗ್ಯಗಳು ಇಂತಹ ಅನೇಕ ಮಕ್ಕಳಿಗೆ ತೊಡಕು. ಕೇಳಿದ ಮೇಲೆ ಉತ್ತರಕ್ಕೆ ಕಾಯುವ ತಾಳ್ಮೆಯೂ ಬೇಕು.

ಸನ್ನೆಗೆ ನಿಲುಕದ ಅರ್ಥಕ್ಕೆ ಚಿತ್ರವು ಆಧಾರ. ಮಗು ಚಿತ್ರವನ್ನಿತ್ತು ವಸ್ತುವನ್ನು ಪಡೆಯುವ ಕ್ರಮವನ್ನು ಬಾಂಡಿ ಮತ್ತು ಫ್ರಾಸ್ಟ್ ಎಂಬುವರು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಚಿತ್ರವನ್ನು ಬಳಸಿದರೆ ಮಾತು ಬಾರದೆ ಹೋದೀತೆಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರವಿಲ್ಲ.

ಅಕ್ಷರದ ಮಾರ್ಗವೂ ಉಂಟು. 1989ರಲ್ಲಿ ಜನಿಸಿ, ಬಾಲ್ಯದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ತಿತೊ ರಾಜರ್ಷಿ ಮುಖೋಪಾಧ್ಯಾಯರಿಗೆ ಅವರ ತಾಯಿ ಸೋಮಾ ಅಕ್ಷರಫಲಕದಿಂದ ಬರವಣಿಗೆ ಕಲಿಸಿದರು. ಅವರ ‘ಬಿಯಾಂಡ್ ದ ಸೈಲೆನ್ಸ್’ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಆದರೆ ಅನ್ಯರು ಫಲಕ ಹಿಡಿದು ಪ್ರೇರಿಸುವಾಗ ಮೂಡುವ ಮಾತು ಮಗುವಿನದೋ ಹಿಡಿದವರದೋ ಎಂಬ ಶಂಕೆಯಿಂದ, ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘವು 2018ರಲ್ಲಿ ಈ ವಿಧಾನವನ್ನು ಅನುಮೋದಿಸಲಿಲ್ಲ.

ಈ ಶಂಕೆಯಲ್ಲಿಯೇ ಪಾಠವಿದೆ. ಚಿತ್ರವಾಗಲಿ ಫಲಕವಾಗಲಿ ಮೇಜಿನ ಮೇಲಿರಲಿ. ಆಯ್ಕೆ ಮಗುವಿನ ಕೈಯಿಂದಲೇ ನಡೆಯಲಿ. ‘ಬೇಡ’ವೆನ್ನುವುದಕ್ಕೂ ಒಂದು ಚಿತ್ರವಿರಲಿ. ಪ್ರೀತಿಯಿಂದಲಾದರೂ ಮಗುವಿನ ಬಾಯಿಗೆ ತಮ್ಮ ಮಾತನ್ನು ತುಂಬಿದರೆ ಅದರ ಇಂಗಿತ ಮುಚ್ಚಿಹೋಗುತ್ತದೆ.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದಂಡಿಗನಹಳ್ಳಿ ಸೀಮೆಯ ತಾಯಿತಂದೆಯರು ಮಾರ್ಗದರ್ಶನ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನೂ ಒಳಗೊಂಡಿದೆ. ಶಾಲೆಯ ಬಾಗಿಲು ಇಂತಹ ಮಕ್ಕಳಿಗೂ ತೆರೆದಿರಬೇಕಾದುದು ನ್ಯಾಯ. ಇಂಗಿತವನ್ನರಿಯುವ ವಿದ್ಯೆಯನ್ನು ಗುರುಗಳೂ ಸಹಪಾಠಿಗಳೂ ಕಲಿತಂದು, ಆ ಮಕ್ಕಳ ಮೌನವೂ ನಾಡಿಗೆ ಕೇಳಿಸೀತು.