ಲ್ಯಾಪ್‌ಟಾಪಿಗೆ ತಕ್ಕ ತರಂಗಪಟ್ಟಿಯ ಆಯ್ಕೆ

ಮನೆಗಳಲ್ಲಿರತಕ್ಕ ವೈಫೈ ರೌಟರುಗಳಲ್ಲಿ ಅನೇಕವು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸಮಾಡುತ್ತವೆ. 5ರ ಪಟ್ಟಿಯು ವಿಶಾಲವಾದುದರಿಂದ ಮಾಹಿತಿಯು ಬೇಗನೆ ಸಾಗುವುದು. ಆದರೆ ದಪ್ಪನೆಯ ಮಣ್ಣುಗೋಡೆಯನ್ನು ದಾಟುವಲ್ಲಿ ಅದು ಬಹಳ ಬಲಗುಂದುವುದು. ಆದುದರಿಂದ ರೌಟರಿರುವ ಕೊಠಡಿಯಲ್ಲಿಯೇ ಕುಳಿತವರು 5ರ ಪಟ್ಟಿಯನ್ನೂ, ಗೋಡೆಗಳಾಚೆ ಕುಳಿತು ಬೆಳೆವಿಮೆಯ ಅರ್ಜಿಯನ್ನು ತುಂಬುವವರು 2.4ರ ಪಟ್ಟಿಯನ್ನೂ ಆರಿಸತಕ್ಕದ್ದು. ನಡುವೆ ಸಂಪರ್ಕ ಕಡಿದರೆ ಬರೆದುದು ವ್ಯರ್ಥವಾದೀತು. ಕಡೆಯ ದಿನವಾಗಿದ್ದರೆ ಆ ಬೆಳೆಯ ವಿಮೆಯೇ ತಪ್ಪೀತು.

ವಿಂಡೋಸ್ ಇರುವ ಅನೇಕ ಲ್ಯಾಪ್‌ಟಾಪುಗಳ ಡಿವೈಸ್ ಮ್ಯಾನೇಜರಿನಲ್ಲಿ, ವೈಫೈ ಅಡಾಪ್ಟರಿನ ವಿವರಗಳೊಳಗೆ, ‘ಪ್ರಿಫರ್ಡ್ ಬ್ಯಾಂಡ್’ ಎಂಬ ಆಯ್ಕೆಯುಂಟು. ಇದು ಯಂತ್ರಕ್ಕೆ ಕೊಡುವ ಸೂಚನೆಯೇ ಹೊರತು ಕಟ್ಟಪ್ಪಣೆಯಲ್ಲ. ರೌಟರಿನಲ್ಲಿ ಎರಡು ಪಟ್ಟಿಗಳಿಗೂ ಬೇರೆಬೇರೆ ಹೆಸರಿಟ್ಟು, ಬೇಕಾದುದಕ್ಕೆ ಮಾತ್ರ ಸೇರುವುದೇ ಹೆಚ್ಚು ಭದ್ರ. ಇನ್ನೊಂದು ಹೆಸರಿಗೆ ಲ್ಯಾಪ್‌ಟಾಪು ತಾನಾಗಿಯೇ ಸೇರದಂತೆ ಅದರ ಗುರುತನ್ನು ತೆಗೆದುಹಾಕತಕ್ಕದ್ದು.