ಅಜ್ಜನ ತಂಬೂರಿ

ಅಜ್ಜನ ತಂಬೂರಿಗೆ ಮೊದಲಿನ ಝೇಂಕಾರ ಉಳಿದಿರಲಿಲ್ಲ. ತಂತಿ ಮೀಟಿದರೆ ಸಪ್ಪೆ ದನಿ ಬರುತ್ತಿತ್ತು. "ಹಳೆಯದಾಯಿತು, ಹೊಸದು ಕೊಳ್ಳೋಣ" ಎಂದರು ಅಪ್ಪ. ಅಜ್ಜ ಒಪ್ಪಲಿಲ್ಲ. "ಮೊದಲು ಮಿರಜಿಗೆ ಹೋಗಿ ತೋರಿಸುತ್ತೇನೆ" ಎಂದು ಹೊರಟರು. ನಾನೂ ಬೆನ್ನು ಹತ್ತಿದೆ.

ನಮ್ಮ ಜತ್ತದಂತೆ ಮಿರಜವೂ ಸಾಂಗಲಿ ಜಿಲ್ಲೆಯ ಊರು. ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಸಿತಾರ, ತಂಬೂರಿ ಮಾಡುತ್ತಾರೆ. ಆ ಕಸುಬುದಾರರ ಹಿರಿಯರು ಮೊದಲು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದರಂತೆ! 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕ ಮನ್ನಣೆ ದೊರೆಯಿತು.

ಅಂಗಡಿಯಲ್ಲಿ ಒಣಗಿದ ದೊಡ್ಡ ದೊಡ್ಡ ಬುರುಡೆಗಳು ತೂಗಾಡುತ್ತಿದ್ದವು. ಅವು ಸೋಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆಯ ಕಡೆ ಬೆಳೆದ ಕಹಿ ಸೋರೆಗಳು. "ತಿನ್ನಲು ಬಾರದ ಕಾಯಿ ಹಾಡಲು ಬಂತು ನೋಡು" ಎಂದು ಅಜ್ಜ ನಕ್ಕರು.

ಅಂಗಡಿಯ ಚಾಚಾ ನಮ್ಮ ತಂಬೂರಿಯ ಬುರುಡೆಯನ್ನು ಬೆರಳಿನಿಂದ ತಟ್ಟಿ ಕೇಳಿದರು. "ಬುರುಡೆ ಗಟ್ಟಿಯಾಗಿದೆ ಅಜ್ಜಾ, ಕುದುರೆ ಸವೆದಿದೆ" ಎಂದರು.

ಕುದುರೆಯೇ? ನನಗೆ ನಗು ಬಂತು. ಬುರುಡೆಯ ಮುಂದಿನ ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಂತ ಚಿಕ್ಕ ಪೀಠವೇ ಕುದುರೆ. ಅದರ ಮೈ ತುಸುವೇ ಬಾಗಿರುತ್ತದೆ. ನಮ್ಮದರಲ್ಲಿ ತಂತಿ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ಚಾಚಾ ತಂತಿಗಳನ್ನು ಸಡಿಲಿಸಿ, ಸಣ್ಣ ಅರದಿಂದ ಕುದುರೆಯನ್ನು ಮೆಲ್ಲಗೆ ಉಜ್ಜಿದರು. ಉಜ್ಜುವುದು, ಬೆರಳಾಡಿಸುವುದು, ಮತ್ತೆ ಉಜ್ಜುವುದು. ಹೀಗೆಯೇ ಬಹಳ ಹೊತ್ತು ಕಳೆಯಿತು.

ಆಮೇಲೆ ಬಿರಡೆ ತಿರುವಿ ನಾಲ್ಕು ತಂತಿಗಳನ್ನು ಪ-ಸಾ-ಸಾ-ಸಾ ಎಂದು ಶ್ರುತಿ ಮಾಡಿದರು. ಕೊನೆಯದು ದಪ್ಪನೆಯ ಹಿತ್ತಾಳೆ ತಂತಿ. ಅದರ ದನಿ ಎಲ್ಲಕ್ಕಿಂತ ತಗ್ಗು. ಸ್ವಲ್ಪವೇ ಹೆಚ್ಚು ಕಡಿಮೆ ಇದ್ದರೆ ಸರಿಪಡಿಸಲು ಕೆಳಗಡೆ ಮಣಿಗಳಿವೆ. ಆದರೂ ದನಿ ಸಪ್ಪೆಯೇ!

ಆಗ ಚಾಚಾ ತಂತಿಗೂ ಕುದುರೆಗೂ ನಡುವೆ ಹತ್ತಿಯ ದಾರ ಸಿಕ್ಕಿಸಿದರು. ತಂತಿ ಮೀಟುತ್ತಾ ದಾರವನ್ನು ಹಿಂದೆ ಮುಂದೆ ಸರಿಸಿದರು. ಒಂದು ಕಡೆ ತಂತಿ ಝುಂ ಎಂದಿತು! ನಡುಗುವ ತಂತಿ ಕುದುರೆಯ ಬಾಗಿದ ಮೈಗೆ ಹಗುರವಾಗಿ ತಾಗಬೇಕು. ಆಗ ಒಂದೇ ಸ್ವರದೊಳಗಿಂದ ಹಲವು ಸಣ್ಣ ಸ್ವರಗಳು ಏಳುತ್ತವೆ. ಇದಕ್ಕೆ ಜವಾರಿ ಎನ್ನುತ್ತಾರೆ.

"ಕೊನೆಯ ತಂತಿ ನೀನು ಮಾಡು" ಎಂದರು ಚಾಚಾ. ನನ್ನ ಕೈ ನಡುಗಿತು. ದಾರ ಮುಂದೆ ಹೋಯಿತು, ದನಿ ಮುಚ್ಚಿತು. ಕೂದಲೆಳೆಯಷ್ಟು ಹಿಂದೆ ಎಳೆದೆ. ಝುಂ! ಅಜ್ಜ ಕಣ್ಣು ಮುಚ್ಚಿ "ಸಾ" ಎಂದು ದನಿಗೂಡಿಸಿದರು.

ಬಸ್ಸಿನಲ್ಲಿ ಅಜ್ಜ ದಾರಗಳು ಸರಿಯದಂತೆ ಕುದುರೆಯ ಸುತ್ತ ತಮ್ಮ ಟವೆಲ್ಲು ಸುತ್ತಿದರು. ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತರು.

ಅಭ್ಯಾಸ
1. ತಂಬೂರಿಯ ದನಿ ಸಪ್ಪೆಯಾಗಲು ಕಾರಣವೇನು?
2. ದಾರವನ್ನು ಹಿಂದೆ ಮುಂದೆ ಸರಿಸಿದ್ದು ಏಕೆ?
3. ನಿಮ್ಮ ಊರಿನ ಭಜನೆಯಲ್ಲಿ ನುಡಿಸುವ ವಾದ್ಯಗಳ ಹೆಸರು ಬರೆಯಿರಿ.